ವೇಗದ ಮೋಹ ಮತ್ತು ನೀರಿನ ಮೇಲಿನ ನೆರೆಯವರು

ಹಿಂದೆ ನನ್ನ ಧರ್ಮಕೇಂದ್ರದಲ್ಲಿ ಪೀಠಸೇವೆ ಮಾಡುತ್ತಿದ್ದ ಹುಡುಗನೊಬ್ಬ ಈಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಎಂಜಿನಿಯರ್. ಅವನ ಮನೆ ಸರೋವರವೊಂದರ ದಡದಲ್ಲಿದೆ. ಬೇಸಿಗೆಯಲ್ಲಿ ಸವಾರಿ ಮಾಡಲು ಅವನಲ್ಲಿ ಒಂದು ಜೆಟ್ ಸ್ಕೀ ಇದೆ. ನೀರಿನ ಮೇಲೋಡುವ ಮೋಟಾರ್ ಸೈಕಲ್ ಎಂದುಕೊಳ್ಳಿ. ಅದರ ಎಂಜಿನನ್ನು ಮಾರ್ಪಡಿಸಿ ವೇಗ ಹೆಚ್ಚಿಸಬೇಕೆಂಬುದು ಅವನ ಆಸೆ. ಮಡದಿ ಬೇಡವೆಂದಳಂತೆ. ವಾದ ಬಗೆಹರಿಯದೆ, ತೀರ್ಪಿಗೆ ನನ್ನನ್ನು ಆರಿಸಿದ್ದಾರೆ. ಈಜು ಬಾರದ ಗುರುವಿಗೆ ಒದಗಿದ ಗೌರವ!

ಅವನ ಪ್ರಶ್ನೆ ನೇರವಾಗಿತ್ತು: “ಫಾದರ್, ಯಂತ್ರ ನನ್ನದು, ಹಣ ನನ್ನದು. ಯಂತ್ರದೊಳಗೆ ವೇಗದ ಮಿತಿ ಇಟ್ಟದ್ದು ಕಾನೂನಲ್ಲ, ತಯಾರಕರು. ಅದನ್ನು ತೆಗೆದರೆ ತಪ್ಪೇನು?”

ಅವನು ಹೇಳಿದ್ದರಲ್ಲಿ ಸತ್ಯವಿದೆ. ಅಮೆರಿಕದ ತಟರಕ್ಷಣಾ ಪಡೆಯೊಡನೆ ಮಾಡಿಕೊಂಡ ತಿಳಿವಳಿಕೆಯಂತೆ ತಯಾರಕರು ಈ ವಾಹನಗಳ ವೇಗವನ್ನು ಗಂಟೆಗೆ ಸುಮಾರು 65 ಮೈಲಿಗೆ, ಅಂದರೆ 105 ಕಿಲೋಮೀಟರಿಗೆ, ಸೀಮಿತಗೊಳಿಸುತ್ತ ಬಂದಿದ್ದಾರೆ. (ಎಂಜಿನಿನ ಹೊಗೆಯ ಕುರಿತ ಕಾನೂನುಗಳು ಬೇರೆ ಇವೆ, ಅವನು ಕೇಳಿದ್ದು ವೇಗದ ಬಗ್ಗೆ ಮಾತ್ರ.) ಆದರೆ ಎಂಜಿನಿನ ಶಕ್ತಿ ಆ ಮಿತಿಗೆ ತಲೆಬಾಗಿ ಕೂತಿಲ್ಲ. 2016ರಲ್ಲಿಯೇ 300 ಅಶ್ವಶಕ್ತಿಯ ಮಾದರಿಗಳು ಮಾರುಕಟ್ಟೆಗೆ ಬಂದಿದ್ದವು. ಎಂಜಿನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನ ಪ್ರೋಗ್ರಾಮನ್ನು ಬದಲಿಸಿ, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರನ್ನು ದೊಡ್ಡದಾಗಿಸಿ, ಅದಕ್ಕೆ ತಕ್ಕ ಇಂಧನ ಒದಗಿಸಿ, ನೀರನ್ನು ತಳ್ಳುವ ಇಂಪೆಲ್ಲರನ್ನೂ ಬದಲಿಸಿದರೆ ಮಿತಿ ಬಹಳ ಹಿಂದೆ ಉಳಿಯುತ್ತದೆ. ಲೆಕ್ಕ ತಪ್ಪಿ ಗಾಳಿ ಹೆಚ್ಚಾಗಿ ಇಂಧನ ಸಾಲದೆ ಹೋದರೆ ಪಿಸ್ಟನ್ನೇ ಕರಗಬಹುದು. ಇದೊಂದು ಸೂಕ್ಷ್ಮ ಕುಶಲವಿದ್ಯೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಂತ್ರವನ್ನು ಬಿಚ್ಚಿ ಅರಿತುಕೊಳ್ಳುವ ಕುತೂಹಲವೂ ದೇವರು ಕೊಟ್ಟದ್ದೇ. ಹಗ್ಗ ಕಟ್ಟಿ, ಕಾವಲಿಟ್ಟು, ಎಲ್ಲರೂ ಅರಿತೇ ಇಳಿಯುವ ಪಂದ್ಯದ ನೀರಿನಲ್ಲಿ ಅವನು ಹೀಗೆ ಮಾಡಿದ್ದರೆ ನನಗೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ.

ಆದರೆ ಈ ವಾಹನದ ಒಂದು ಗುಣ ನನ್ನನ್ನು ತಡೆದು ನಿಲ್ಲಿಸಿತು. ಇದಕ್ಕೆ ದೋಣಿಯಂತೆ ಚುಕ್ಕಾಣಿಯಿಲ್ಲ. ಎಂಜಿನು ನೀರನ್ನು ಒಳಗೆಳೆದು ಹಿಂಬದಿಯ ನಳಿಕೆಯಿಂದ ಚಿಮ್ಮಿಸುತ್ತದೆ. ಆ ನಳಿಕೆ ತಿರುಗಿದಂತೆ ವಾಹನವೂ ತಿರುಗುತ್ತದೆ. ಹಾಗಾಗಿ ಥ್ರಾಟಲ್ ಬಿಟ್ಟೊಡನೆ, ಮುನ್ನುಗ್ಗುವ ವೇಗ ಉಳಿದಿರುವಾಗಲೇ ತಿರುಗಿಸುವ ಶಕ್ತಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಎದುರಿಗೆ ಯಾರಾದರೂ ಕಂಡರೆ ಹೆದರಿದ ಕೈ ಮಾಡುವುದು ಏನನ್ನು? ಥ್ರಾಟಲನ್ನು ಬಿಡುವುದನ್ನು. ಭಯಪಟ್ಟ ಗಳಿಗೆಯಲ್ಲೇ ಯಂತ್ರ ಕೈಮೀರುತ್ತದೆ. ಈ ಕೊರತೆಗೆ ತಯಾರಕರು ಮುಂದೆ ಕೆಲವು ಪರಿಹಾರಗಳನ್ನು ಅಳವಡಿಸಿದರು, 2009ರಿಂದ ಕೆಲವು ಮಾದರಿಗಳಲ್ಲಿ ಬ್ರೇಕ್ ಕೂಡ ಬಂತು. ಆದರೂ ಭೌತಶಾಸ್ತ್ರ ಬದಲಾಗಿಲ್ಲ. ವೇಗ 105ರಿಂದ 130 ಕಿಲೋಮೀಟರಿಗೆ ಏರಿದರೆ ಡಿಕ್ಕಿಯ ಶಕ್ತಿ ಒಂದೂವರೆ ಪಟ್ಟಾಗುತ್ತದೆ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ಅಧ್ಯಯನ ಕಂಡುಕೊಂಡ ಸಂಗತಿಯೂ ಇದಕ್ಕೆ ಹೊಂದುತ್ತದೆ: ಉಳಿದ ವಿಹಾರನೌಕೆಗಳ ಅಪಘಾತಗಳಲ್ಲಿ ಸಾವಿಗೆ ಮುಖ್ಯ ಕಾರಣ ಮುಳುಗುವಿಕೆ, ಇವುಗಳಲ್ಲಿ ಮಾತ್ರ ಬಲವಾದ ಹೊಡೆತ.

ಆ ಹೊಡೆತ ಬೀಳುವುದು ಯಾರ ಮೇಲೆ? ಸವಾರನೊಬ್ಬನ ಮೇಲೆಯೇ ಆಗಿದ್ದರೆ “ನನ್ನದು” ಎಂಬ ಮಾತಿಗೆ ಒಂದಿಷ್ಟು ತೂಕವಿರುತ್ತಿತ್ತು. ಆದರೆ ಸರೋವರದಲ್ಲಿ ಈಜುವ ಮಗುವಿದೆ, ಮೀನು ಹಿಡಿಯುವ ಮುದುಕನಿದ್ದಾನೆ. ದೂರದಿಂದ ಬರುವ ವಾಹನವನ್ನು ನೋಡಿ “ಇಲ್ಲಿಗೆ ಬರಲು ಇಷ್ಟು ಹೊತ್ತು ಬೇಕು” ಎಂದು ಅವರು ಮನಸ್ಸಿನಲ್ಲೇ ಅಳೆಯುತ್ತಾರೆ. ಮಾರ್ಪಟ್ಟ ಯಂತ್ರ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ. ಅವರ ಅಳತೆಯನ್ನು ಅದು ಸದ್ದಿಲ್ಲದೆ ಸುಳ್ಳು ಮಾಡುತ್ತದೆ. ಅಪಾಯವನ್ನು ಆರಿಸಿಕೊಂಡವನು ಒಬ್ಬ, ಅದರ ಬೆಲೆ ತೆರುವವನು ಇನ್ನೊಬ್ಬ. ನನ್ನ ಪಾಲಿಗೆ ಪ್ರಶ್ನೆಯ ತಿರುಳು ಇಲ್ಲಿದೆ, ಎಂಜಿನಿನಲ್ಲಲ್ಲ.

1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದವನ್ನು ತೆರೆದು ನೋಡಿ. ವೇಗದ ಮೋಹದಿಂದ ತನ್ನ ಮತ್ತು ಪರರ ಜೀವವನ್ನು ಅಪಾಯಕ್ಕೊಡ್ಡುವವನನ್ನು ಅದು ಕುಡಿದು ಹಾಗೆ ಮಾಡುವವನ ಪಕ್ಕದಲ್ಲೇ ನಿಲ್ಲಿಸುತ್ತದೆ. ರಸ್ತೆ, ಆಕಾಶಗಳ ಜೊತೆಗೆ ಸಮುದ್ರವನ್ನೂ ಹೆಸರಿಸುತ್ತದೆ. ಗುರುಮಠದಿಂದ ಹೊರಬಂದ ಮೇಲೆ ಓದಿದಾಗ ಆ ಸಾಲು ನನಗೆ ಕಟುವೆನಿಸಿತ್ತು. ಈಗ ಹಾಗನಿಸುವುದಿಲ್ಲ. ಅಮಲು ಒಂದೇ ಬಗೆಯದಲ್ಲವಷ್ಟೆ.

ಇದನ್ನೆಲ್ಲ ಅವನಿಗೆ ಬರೆದೆ. ಉತ್ತರ ಬಂತು. ಮಾರ್ಪಾಡನ್ನು ಅವನು ಆಗಲೇ ಮಾಡಿ ಮುಗಿಸಿದ್ದಾನೆ! ಬೆಳಗಿನ ಜಾವ, ನೀರು ನಿರ್ಜನವಾಗಿರುವಾಗ ಮಾತ್ರ ಓಡಿಸುತ್ತೇನೆ ಎಂದಿದ್ದಾನೆ. ರಜೆಗೆ ಬರುವ ಅಕ್ಕನ ಮಗನಿಗೆ ಕೀಲಿ ಕೊಡುವುದಿಲ್ಲವಂತೆ; ಅವನಿಗೆ ಇನ್ನೂ ಹತ್ತೊಂಬತ್ತು, ಯಂತ್ರ ಅಪಾಯಕಾರಿ ಎಂದೂ ಸೇರಿಸಿದ್ದಾನೆ.

ನಾನು ಮರಳಿ ಒಂದೇ ಪ್ರಶ್ನೆ ಕೇಳಿದೆ: “ಮಗನೇ, ನಾಳೆ ಇದನ್ನು ಮಾರುವಾಗ, ಕೊಳ್ಳುವವನಿಗೆ ಒಳಗೇನಿದೆಯೆಂದು ಹೇಳುತ್ತೀಯಾ?” ಪತ್ರ ಹೋಗಿ ಮೂರು ವಾರವಾಯಿತು. ಅವನ ಮಡದಿಯಿಂದ ಮಾತ್ರ ಒಂದು ಚಿಕ್ಕ ಸಾಲು ಬಂದಿದೆ: “ಯೋಚಿಸುತ್ತಿದ್ದಾರೆ, ಫಾದರ್.”