ದೇವರಿಲ್ಲದ ಗುಡಿಯಲ್ಲಿ ಅರ್ಧ ದಿನ

ಸೂಡಿಯ ಜೋಡು ಕಳಸದ ಗುಡಿಯ ಮುಂದೆ ನಮ್ಮ ಏಳನೆಯ ಇಯತ್ತೆಯ ಹುಡುಗನೊಬ್ಬ ಚಪ್ಪಲಿ ಬಿಟ್ಟು ಸುಮ್ಮನೆ ನಿಂತಿದ್ದ. ಉಳಿದ ಹುಡುಗರು ಒಳಗೆ ನುಗ್ಗಿ, ಮಂಟಪದಲ್ಲಿ ಕೂಗಿ ಕೂಗಿ ತಮ್ಮ ದನಿ ತಿರುಗಿ ಬರುವುದನ್ನು ಕೇಳುತ್ತಿದ್ದರು. ಇವನು ಮಾತ್ರ ಹೊಸ್ತಿಲಾಚೆ. "ಯಾಕೋ, ಒಳಗ ಬಾ" ಅಂದೆ. "ನಾನೂ ಬರಬೌದೇನ್ರೀ ಸರ?" ಅಂದ. ನಮಗೆ ಗುಡಿ ತೋರಿಸಲು ಬಂದಿದ್ದ ಊರಿನ ಯಜ್ಜ ನಕ್ಕು, "ಬಾರಪಾ, ಇಲ್ಲಿ ಪೂಜಾರಿ ಇಲ್ಲ, ಮಡಿ ಇಲ್ಲ, ಇದು ಸರಕಾರದ್ದೈತಿ. ಯಾರ ಬೇಕಾದವರು ಬರಬೌದು" ಅಂದ. ಹುಡುಗ ಒಳಗೆ ಬಂದ. ಗರ್ಭಗುಡಿಯ ಕತ್ತಲೆಗೂ ಹೋಗಿ, ಗೋಡೆ ಸವರಿ ಹೊರಗೆ ಬಂದ. ಬಂದವನೇ ಕೇಳಿದ: "ಹಂಗಾರ ದೇವರು ಹ್ವಾದ ಮ್ಯಾಲ ನಮ್ಮನ್ನ ಒಳಗ ಬಿಡ್ತಾರೇನ್ರೀ ಸರ?"

ಆ ಹುಡುಗ ನನ್ನ ಕೇರಿಯವನೇ. ಅವನ ಊರಿನ ಗುಡಿ ನನ್ನ ಊರಿನ ಗುಡಿಯೂ ಹೌದು. ಅಲ್ಲಿ ಜಾತ್ರೆಯ ದಿನ ನಾವು ಹಲಗಿ ಬಾರಿಸುತ್ತೇವೆ, ತೇರಿನ ಹಗ್ಗಕ್ಕೆ ದೂರ ನಿಲ್ಲುತ್ತೇವೆ, ಕಾಯಿಯನ್ನು ಕಟ್ಟೆಯ ಕೆಳಗಿನಿಂದ ಕೊಟ್ಟು ಕೆಳಗಿನಿಂದಲೇ ಇಸಿದುಕೊಳ್ಳುತ್ತೇವೆ. ಯಾರೂ ಬಾಯಿಬಿಟ್ಟು "ಬರಬ್ಯಾಡ" ಅನ್ನುವುದಿಲ್ಲ. ಅನ್ನುವ ಅಗತ್ಯವೇ ಬೀಳದ ಹಾಗೆ ನಮ್ಮ ಕಾಲುಗಳನ್ನು ತಯಾರು ಮಾಡಿದ್ದಾರೆ. ಸೂಡಿಯ ಹೊಸ್ತಿಲಲ್ಲಿ ನಿಂತಿದ್ದು ಆ ತಯಾರಾದ ಕಾಲು.

ನನ್ನಲ್ಲಿ ಉತ್ತರವಿರಲಿಲ್ಲ. "ನಡೀ, ಹೊಂಡ ನೋಡೂಣು" ಅಂತ ಮಾತು ಮರೆಸಿದೆ. ಉತ್ತರ ತಿಳಿಯದ ಮಾಸ್ತರರೆಲ್ಲ ಮಾಡುವ ಕೆಲಸ ಅದು. ಆದರೆ ಪ್ರಶ್ನೆ ನಮ್ಮ ಜೊತೆಗೇ ಬಸ್ಸು ಹತ್ತಿತು.

ಸೂಡಿ ಅರ್ಧ ದಿನದ ಪ್ರವಾಸ. ಬೆಳಿಗ್ಗೆ ಗಜೇಂದ್ರಗಡದಿಂದ ಹೊರಟರೆ ಮಧ್ಯಾಹ್ನ ರೊಟ್ಟಿಗಂಟು ಬಿಚ್ಚುವ ಹೊತ್ತಿಗೆ ನೋಡಿ ಮುಗಿಯುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬರುವ ಜನಸಾಗರ ಇತ್ತ ಬರುವುದಿಲ್ಲ. ರೋಣ, ನರಗುಂದದ ಸಾಲಿಮಕ್ಕಳಲ್ಲೇ ಎಷ್ಟೋ ಜನ ಇದನ್ನು ನೋಡಿಲ್ಲ. ಆದರೆ 11ನೆಯ ಶತಮಾನದಲ್ಲಿ ಇದು ಎರಿಹೊಲಗಳ ನಡುವಿನ ಹಳ್ಳಿಯಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. ದೊರೆ ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿ ಈ ನಾಡನ್ನು ಆಳಿದಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ ಅವಳು. ಇಲ್ಲಿ ಟಂಕಸಾಲೆ ಇತ್ತು, ಸೆಟ್ಟಿಗಳಿದ್ದರು, ನಾಗದೇವನೆಂಬ ದೊಡ್ಡ ಅಧಿಕಾರಿ ಗುಡಿ ಕಟ್ಟಿಸಿದ. ಎರಡು ಶಿಖರ, ನಡುವೆ ಒಂದೇ ಮಂಟಪವಿರುವ ಈ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನನ ಗುಡಿ, ಆಳೆತ್ತರದ ಗಣಪ, ಕಲ್ಲಿನ ಗೋಡೆಗಳಿಗೇ ಸಣ್ಣಸಣ್ಣ ಗುಡಿಗಳನ್ನು ಕೆತ್ತಿದ ನಾಗಕುಂಡ, ಎಲ್ಲ ಆ ಕಾಲದ ಸಿರಿವಂತಿಕೆ. ಇಲ್ಲಿನ ಶಾಸನಗಳನ್ನು ಇಂಗ್ಲಿಷ್ ವಿದ್ವಾಂಸರಾದ ಫ್ಲೀಟ್, ಬಾರ್ನೆಟ್ ಓದಿ ಅಚ್ಚು ಹಾಕಿಸಿದರು. ನಮ್ಮ ಕೇರಿಯ ಹಿರಿಯರು ಆ ಕಲ್ಲಿಗೆ ಎಮ್ಮೆ ಕಟ್ಟಿದ್ದಾರು, ಓದಿರಲಿಕ್ಕಿಲ್ಲ.

"ಯಾರು ಕಟ್ಟಿದ್ರು ಯಜ್ಜಾ?" ಅಂತ ಹುಡುಗರು ಕೇಳಿದರು. ಯಜ್ಜ ತಡಮಾಡಲಿಲ್ಲ: "ಜಕಣಾಚಾರಿ. ಒಂದ ರಾತ್ರ್ಯಾಗ."

ಈ ಒಂದು ರಾತ್ರಿಯ ಕಥೆಯನ್ನು ನೀವು ಯಾವ ಹಾಳು ಗುಡಿಗೆ ಹೋದರೂ ಕೇಳುತ್ತೀರಿ. ಕೇಳಲು ಚಂದ. ಆದರೆ ಅದು ಮಾಡುವ ಕೆಲಸ ನೋಡಿ. ಕಲ್ಲು ಕಡಿದವನು, ಬಂಡಿಗೆ ಹೇರಿದವನು, ಹಗ್ಗ ಹೊಸೆದವನು, ತೊಗಲ ಚೀಲದಲ್ಲಿ ನೀರು ಹೊತ್ತವನು, ಸುಣ್ಣ ಅರೆದವಳು, ಅವರ ವರ್ಷಗಟ್ಟಲೆಯ ಬೆವರು, ಎಲ್ಲವೂ ಆ ಒಂದು ರಾತ್ರಿಯ ಕತ್ತಲೆಯಲ್ಲಿ ಕರಗಿಹೋಗುತ್ತದೆ. ಹೆಸರುಳಿದವರು ಇಲ್ಲವೆಂದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟು ಕಲ್ಲಲ್ಲೇ ಬರೆಸಿದ್ದಾರೆ. ಕಟ್ಟಿಸಿದವನ ಹೆಸರು, ಕಟ್ಟಿದ ಮುಖ್ಯ ಆಚಾರಿಯ ಹೆಸರು, ಅಲ್ಲಿಗೆ ಮುಗಿಯಿತು. ಶಾಸನಕ್ಕೆ ಜಾಗ ಸಾಲಲಿಲ್ಲವೇ? ಭೂಮಿ ಎಷ್ಟು ಮತ್ತರು, ಎಲ್ಲೆ ಯಾವ ಹಳ್ಳ, ಯಾವ ಮರ, ಅದಕ್ಕೆಲ್ಲ ಜಾಗ ಇದೆ. ಈ ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಎಂಬ ಶಾಪಕ್ಕೂ ಜಾಗ ಇದೆ. ಆ ಭೂಮಿಯನ್ನು ಉತ್ತವನ ಅನ್ನವನ್ನು ಕಸಿದವನಿಗೆ ಮಾತ್ರ ಶಾಪವಿಲ್ಲ. ಆ ಕಾಲದ ದತ್ತಿಗಳಲ್ಲಿ ಗುಡಿಯ ಸೇವೆಗೆ ಬಿಟ್ಟ ಹೆಣ್ಣುಮಕ್ಕಳ ಲೆಕ್ಕವೂ ಬರುತ್ತದೆ, ಎಣ್ಣೆ ಅಕ್ಕಿಗಳ ಲೆಕ್ಕದ ಪಕ್ಕದಲ್ಲಿ. ಆ ಲೆಕ್ಕ ಮುಗಿಸಲು ಕರ್ನಾಟಕ ಸರಕಾರ 1982ರಲ್ಲಿ ಕಾಯ್ದೆ ತರಬೇಕಾಯಿತು. ಮುತ್ತು ಕಟ್ಟಿಸಿಕೊಂಡವರು ಯಾವ ಕೇರಿಯ ಹೆಣ್ಣುಮಕ್ಕಳೆಂದು ನಾನು ಹೇಳಬೇಕೆ?

ಹೀಗಿರುವಾಗ ನನ್ನ ಕೆಲವು ಗೆಳೆಯರು ಒಂದು ಸುಲಭದ ದಾರಿ ಹೇಳುತ್ತಾರೆ: "ಈ ಗುಡಿ ನಮ್ಮವರೇ ಕಟ್ಟಿದ್ದು, ಆದ್ದರಿಂದ ನಮ್ಮದು. ಅಭಿಮಾನ ಪಡೋಣ." ಇನ್ನು ಕೆಲವರು, "ನಮ್ಮನ್ನು ಹೊರಗಿಟ್ಟ ಕಲ್ಲು, ಅದನ್ನು ನೋಡಲು ಮಕ್ಕಳನ್ನು ಯಾಕೆ ಕರಕೊಂಡು ಹೋಗ್ತೀ?" ಅನ್ನುತ್ತಾರೆ. ಎರಡೂ ಮಾತು ನನ್ನೊಳಗೂ ಇವೆ. ಎರಡೂ ನನಗೆ ಸಾಲುತ್ತಿಲ್ಲ. ಮೊದಲನೆಯದಕ್ಕೆ ನನ್ನ ತಕರಾರು ಇಷ್ಟೆ. ಜೀತದವನು ಗೌಡನ ವಾಡೆ ಕಟ್ಟಿದ್ದಾನೆಂದು ಅವನ ಮೊಮ್ಮಗ ವಾಡೆಯ ಬಗ್ಗೆ ಹೆಮ್ಮೆ ಪಡಬೇಕೇ? ಕೈಯ ಬಗ್ಗೆ ಪಡಬಹುದು. ಕೈಯ ಕಸುಬೇ ಬೇರೆ, ಆ ಕೈಯನ್ನು ಯಾರು ಹಿಡಿದು ದುಡಿಸಿದರು ಎಂಬುದೇ ಬೇರೆ. ಎರಡನೆಯದಕ್ಕೆ ಉತ್ತರ ಹೇಳಲು ನಾಗಕುಂಡಕ್ಕೆ ಇಳಿಯಬೇಕು.

ಹೊಂಡದ ಮೆಟ್ಟಿಲುಗಳನ್ನು ಹುಡುಗರು ದಡದಡ ಇಳಿದರು. ಆ ಹುಡುಗನೂ ಇಳಿದ. ಕೊನೆಯ ಮೆಟ್ಟಿಲಲ್ಲಿ ಕುಂತು, ಬೆರಳು ನೀರಿಗೆ ತಾಗಿಸಿ, ಥಟ್ಟನೆ ತಿರುಗಿ ಮೇಲೆ ನೋಡಿದ. ಯಾರು ನೋಡುತ್ತಿದ್ದಾರೆಂದು ನೋಡಿದ. ನಾನು ನೋಡುತ್ತಿದ್ದೆ. ನನಗೆ ದೌಲತಾಬಾದು ನೆನಪಾಯಿತು.

1934ರಲ್ಲಿ ಬಾಬಾಸಾಹೇಬರೂ ಇಂಥದೇ ಪ್ರವಾಸಕ್ಕೆ ಹೋಗಿದ್ದರು. ಸಂಗಡ ಮೂವತ್ತರಷ್ಟು ಕಾರ್ಯಕರ್ತರು. ವೇರೂಳದ ಬೌದ್ಧ ಗುಹೆಗಳನ್ನು ನೋಡುವುದು ಅವರ ಆಸೆ. ದಾರಿಯಲ್ಲಿ ದೌಲತಾಬಾದಿನ ಕೋಟೆ. ಧೂಳು ಹಿಡಿದ ಮೈ, ಬಾಗಿಲ ಹತ್ತಿರ ತುಂಬಿದ ಪುಟ್ಟ ಕೊಳ. ಕೆಲವರು ಕೈಕಾಲು ಮುಖ ತೊಳೆದರು. ಅಷ್ಟಕ್ಕೆ ಒಬ್ಬ ಮುದುಕ ಕೂಗುತ್ತ ಬಂದ, ಜನ ಸೇರಿತು, ಕೊಳ ಮೈಲಿಗೆಯಾಯಿತೆಂದು ಗಲಾಟೆ. ಕೂಗಿದವರು ಅಲ್ಲಿಯ ಮುಸ್ಲಿಮರು. ಜಾತಿಯ ವಿಷ ಯಾವ ಧರ್ಮದ ಪಾತ್ರೆಯಲ್ಲೂ ಸೋರುತ್ತದೆಂದು ಬಾಬಾಸಾಹೇಬರು ಅಂದು ಕಂಡರು. ಕೊನೆಗೆ ಕೋಟೆ ನೋಡಲು ಬಿಟ್ಟರು, ಆದರೆ ಒಳಗೆಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಮಹಾಡದ ಕೆರೆಯ ನೀರು ಮುಟ್ಟಿ ಏಳು ವರ್ಷ ಕಳೆದಿತ್ತು. ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿ ಬಂದ ಮನುಷ್ಯನಿಗೆ ಹಾಳು ಕೋಟೆಯೊಂದು ಕೊಟ್ಟ ಗೈಡು ಆ ಸಿಪಾಯಿ.

ಅಂದ ಮೇಲೆ ಹಾಳು ಎಂಬುದು ಸತ್ತದ್ದಲ್ಲ. ರಾಜ ಹೋದ, ಪರಿವಾರ ಹೋಯಿತು, ಗೋಡೆ ಬಿತ್ತು; ಮೈಲಿಗೆ ಮಾತ್ರ ಕಾವಲಿಗೆ ನಿಂತಿತ್ತು. ಇಂದು ಸೂಡಿಯಲ್ಲಿ ಆ ಸಿಪಾಯಿ ಇಲ್ಲ. ಇಲ್ಲ ಎಂಬುದು ಸಣ್ಣ ಸಂಗತಿಯಲ್ಲ, ಅದರ ಹಿಂದೆ ಸಂವಿಧಾನವಿದೆ. ಆದರೆ ಆ ಹುಡುಗನ ಕತ್ತಿನೊಳಗೆ ಒಬ್ಬ ಸಿಪಾಯಿ ಇದ್ದಾನೆ, ತಿರುಗಿ ನೋಡಿಸಿದವನು ಅವನೇ. ಮಕ್ಕಳನ್ನು ಇಂಥಲ್ಲಿಗೆ ಯಾಕೆ ಕರೆದುಕೊಂಡು ಹೋಗಬೇಕು ಅಂದರೆ, ಆ ಸಿಪಾಯಿಯನ್ನು ಹೊರಗೆ ಹಾಕಲು. ಮನೆಯಲ್ಲಿ ಕೂತರೆ ಅವನು ಹೋಗುವುದಿಲ್ಲ.

ಆದರೂ ಹುಡುಗನ ಪ್ರಶ್ನೆ ಬಿಡುತ್ತಿಲ್ಲ. ಹಾಳು ಗುಡಿಯೊಳಗೆ ಹೋಗುವುದು ಗುಡಿ ಪ್ರವೇಶವೇ? 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರದ ಮುಂದೆ ಸತ್ಯಾಗ್ರಹ ಶುರು ಮಾಡಿದ ಜನ ಕೇಳಿದ್ದು ದೀಪ ಉರಿಯುವ ಗುಡಿಯ ಬಾಗಿಲನ್ನು. ವರ್ಷಗಟ್ಟಲೆ ಏಟು ತಿಂದರು, ಬಾಗಿಲು ತೆರೆಯಲಿಲ್ಲ. ಆಮೇಲೆ ಬಾಬಾಸಾಹೇಬರೇ ಗುಡಿಯ ಬೆನ್ನು ಹತ್ತುವುದನ್ನು ಬಿಟ್ಟು ಓದು, ಅಧಿಕಾರ, ಸ್ವಾಭಿಮಾನದ ಕಡೆ ತಿರುಗಿದರು. ನಾನು ದೇವರನ್ನು ನಂಬುವವನಲ್ಲ, ನನಗೆ ಗರ್ಭಗುಡಿಯೊಳಗೆ ಏನೂ ಕೆಲಸವಿಲ್ಲ. ಆದರೆ ನನಗೆ ಬೇಡವೆಂದು ನಾನು ಬಿಡುವುದಕ್ಕೂ, ನಿನಗೆ ಸಲ್ಲದೆಂದು ಅವರು ತಡೆಯುವುದಕ್ಕೂ ಭೂಮಿ ಆಕಾಶದ ಅಂತರವಿದೆ. ಬಿಡುವ ಸ್ವಾತಂತ್ರ್ಯ ಇರಬೇಕಾದರೆ ಮೊದಲು ಹೋಗುವ ಸ್ವಾತಂತ್ರ್ಯ ಬೇಕು. ಸೂಡಿಯಲ್ಲಿ ನಮಗೆ ಸಿಕ್ಕದ್ದು ಹೋಗುವ ಸ್ವಾತಂತ್ರ್ಯವೇ, ಅನುಮಾನವಿಲ್ಲ. ಆದರೆ ಅದನ್ನು ಊರು ಕೊಡಲಿಲ್ಲ. ಊರಿಗೆ ಬೇಡವಾದದ್ದನ್ನು ಇಲಾಖೆ ವಹಿಸಿಕೊಂಡಿತು, ಇಲಾಖೆಯ ಬಾಗಿಲಿಂದ ನಾವು ಹೋದೆವು. ಉಂಡು ಬಿಟ್ಟ ಎಲೆಗೂ ಪಂಕ್ತಿಯ ಎಲೆಗೂ ಇರುವ ವ್ಯತ್ಯಾಸ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಕ್ಷಿತ ಸ್ಮಾರಕಗಳ ಮುಂದಿನ ಫಲಕವನ್ನು ನೀವು ಓದಿರಬಹುದು. 1958ರ ಕಾಯ್ದೆ, 2010ರ ತಿದ್ದುಪಡಿ. ಕಲ್ಲು ಒಡೆದರೆ, ಗೀಚಿದರೆ ಎರಡು ವರ್ಷದ ತನಕ ಜೈಲು, ಇಲ್ಲವೆ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಒಳ್ಳೆಯದೇ. ಮನುಷ್ಯನನ್ನು ಗುಡಿಯ ಹೊರಗೆ ನಿಲ್ಲಿಸಿದರೂ ಶಿಕ್ಷೆ ಇದೆ. 1955ರಿಂದ ಇದೆ, 1989ರಲ್ಲಿ ಇನ್ನೂ ಗಟ್ಟಿಯಾಯಿತು. ಅದರ ಫಲಕ ಯಾವ ಊರಿನ ಗುಡಿಯ ಮುಂದೆ ನೆಟ್ಟಿದೆ, ತೋರಿಸಿ. ಕಲ್ಲಿಗೆ ಫಲಕ ಬೇಕು, ಮನುಷ್ಯನಿಗೆ ಬೇಡವೇನು?

ದೂರದ ವಿಯೆಟ್ನಾಮಿನಲ್ಲಿ ಮೀ ಸನ್ ಎಂಬ ಕಣಿವೆ ಇದೆ. ಚಂಪಾ ದೊರೆಗಳು ನಾಲ್ಕನೆಯ ಶತಮಾನದಿಂದ ಸಾವಿರ ವರ್ಷ ಇಟ್ಟಿಗೆಯ ಶಿವಾಲಯಗಳನ್ನು ಕಟ್ಟುತ್ತಲೇ ಹೋದ ಜಾಗ. ಹತ್ತಿರದ ಹೋಯಿ ಆನ್ ಪಟ್ಟಣದಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮರಳುವ ಅರ್ಧ ದಿನದ ಪ್ರವಾಸ ಅಲ್ಲೂ ಇದೆ, ಗೈಡೂ ಇದ್ದಾನೆ. 1969ರ ಆಗಸ್ಟಿನಲ್ಲಿ ಅಮೆರಿಕದ ಬಿ-52 ವಿಮಾನಗಳು ಬಾಂಬು ಸುರಿದು ಅಲ್ಲಿಯ ಅತಿ ದೊಡ್ಡ ಗೋಪುರವನ್ನು ಮಣ್ಣು ಮಾಡಿದವು. ಬಾಂಬಿನ ಗುಂಡಿಗಳು ಇಂದೂ ಗುಡಿಗಳ ಮಗ್ಗುಲಲ್ಲಿವೆ. ಅದನ್ನು ಕಟ್ಟಿದ ಚಾಮ್ ಜನ ಇಂದು ಆ ದೇಶದ ಸಣ್ಣ ಅಲ್ಪಸಂಖ್ಯಾತರು. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ನಮ್ಮ ಪಟ್ಟದಕಲ್ಲು ಸೇರಿ ಹನ್ನೆರಡು ವರ್ಷದ ಮೇಲೆ. ಅದರ ದುರಸ್ತಿಗೆ ನಮ್ಮ ಪುರಾತತ್ವ ಇಲಾಖೆಯೇ ಹೋಯಿತು. 2020ರ ಮೇ ತಿಂಗಳಲ್ಲಿ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗ ಅಲ್ಲಿ ಸಿಕ್ಕಿತು. ಇಲ್ಲಿ ಎಲ್ಲರ ಎದೆಯೂ ಉಬ್ಬಿತು: ನೋಡ್ರಿ, ನಮ್ಮ ಶಿವ ಎಲ್ಲಿತನಕ ಹೋಗಿದ್ದ! ಅದೇ ಮೇ ತಿಂಗಳು ನಮ್ಮ ಕೂಲಿಕಾರರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದು ಊರು ಸೇರುತ್ತಿದ್ದರು. ಸಮುದ್ರ ದಾಟಿದ ಶಿವ ಓಣಿ ದಾಟಿ ನಮ್ಮ ಕೇರಿಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ನಾನು ಅಪಹಾಸ್ಯ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಜವಾಗಿಯೂ ಕೇಳುತ್ತಿದ್ದೇನೆ.

ಮೀ ಸನ್ನಿನ ಒಂದು ಸಂಗತಿ ಮಾತ್ರ ನನಗೆ ಹಿಡಿಸಿತು. ಬಾಂಬಿನ ಗುಂಡಿಯನ್ನು ಅವರು ಪೂರ್ತಿ ಮುಚ್ಚಿಲ್ಲ. ಗೋಪುರವನ್ನು ತೋರಿಸುವ ಹಾದಿಯಲ್ಲೇ ಗುಂಡಿಯೂ ಇದೆ. ಗುಡಿಯ ಚಂದ ಮತ್ತು ಅದಕ್ಕಾದ ಗಾಯ, ಎರಡನ್ನೂ ನೋಡಿಯೇ ಜನ ಬಸ್ಸು ಹತ್ತುತ್ತಾರೆ. ನಮ್ಮ ಗುಡಿಗಳ ಗುಂಡಿ ಮೇಲಿಂದ ಬಿದ್ದದ್ದಲ್ಲ, ತಳಪಾಯದಲ್ಲೇ ಇತ್ತು. ಅದನ್ನು ಯಾವ ಗೈಡೂ ತೋರಿಸುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಜೋಡು ಕಳಸದ ಗುಡಿಯ ಕಂಬಗಳು ಚಂದ ಇವೆ. ಕಲ್ಲನ್ನು ಮೇಣದ ಹಾಗೆ ತಿರುವಿದ್ದಾರೆ. ಅದನ್ನು ನೋಡಿ ನನ್ನ ಕೈ ತಾನಾಗಿ ಮುಂದೆ ಹೋಯಿತು, ಸವರಿದೆ. ಆಗ ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇ ಎಂದು ಬಹಳ ಯೋಚಿಸಿದೆ. ಚಂದವನ್ನು ಚಂದವಲ್ಲ ಅಂದರೆ ಸುಳ್ಳಾಗುತ್ತದೆ; ಸುಳ್ಳಿನ ಮೇಲೆ ನಿಂತ ಬಂಡಾಯ ಬಹಳ ದಿನ ನಿಲ್ಲುವುದಿಲ್ಲ. ಆದರೆ ಚಂದ ಎಂಬುದು ಮಾಫಿಯ ಚೀಟಿಯೂ ಅಲ್ಲ. ಈ ಗುಡಿಗಳೆದ್ದು ನೂರು ವರ್ಷದೊಳಗೆ ಅದೇ ಚಾಲುಕ್ಯರ ಕಲ್ಯಾಣದಲ್ಲಿ ಶರಣರು ಕಲ್ಲಿನ ಗುಡಿಗೆ ಬೆನ್ನು ತಿರುಗಿಸಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಕರೆದರು. ಕಂಬಗಳು ಆಗ ಇನ್ನೂ ಹೊಸವು, ಹೊಳಪು ಆರಿರಲಿಲ್ಲ. ಅವುಗಳ ಚಂದ ಶರಣರ ಕಣ್ಣಿಗೆ ಬಿದ್ದಿಲ್ಲವೆಂದು ನಾನು ನಂಬುವುದಿಲ್ಲ. ನೋಡಿಯೇ ತಿರುಗಿ ನಡೆದಿರಬೇಕು.

ನರಗುಂದದಲ್ಲಿ ಇನ್ನೊಂದು ಕಲ್ಲಿದೆ. 1980ರ ಜುಲೈ 21ರಂದು ಗೋಲಿಬಾರಿನಲ್ಲಿ ಸತ್ತ ರೈತನ ವೀರಗಲ್ಲು. ಅದರಲ್ಲಿ ಅಂಥ ಕೆತ್ತನೆಯಿಲ್ಲ, ಯಾವ ಇಲಾಖೆಯ ಪ್ರವಾಸಿ ಪಟ್ಟಿಯಲ್ಲೂ ಅದು ದೊಡ್ಡದಾಗಿ ಬರುವುದಿಲ್ಲ. ಆದರೆ ಅದರ ಮುಂದೆ ನಿಂತರೆ ಯಾರು ಸತ್ತರು, ಯಾಕೆ ಸತ್ತರು ಎಂದು ಮಕ್ಕಳಿಗೆ ಹೇಳಲು ಬರುತ್ತದೆ. ಒಂದು ರಾತ್ರಿಯ ಕಥೆ ಬೇಕಾಗುವುದಿಲ್ಲ.

ಮರಳುವಾಗ ಬಸ್ಸಿನಲ್ಲಿ ಹುಡುಗ ನನ್ನ ಪಕ್ಕವೇ ಕುಂತ. ಕಿಟಕಿಯಾಚೆ ಬಿಳಿಜೋಳ, ಕಡಲೆ, ಕುಸುಬಿ. ಬಹಳ ಹೊತ್ತು ಸುಮ್ಮನಿದ್ದು, "ಸರ, ಮುಂದಿನ ವರ್ಷ ನಮ್ಮೂರ ಗುಡಿಗೇ ಟೂರ್ ಹೋಗೂಣ್ರೀ. ಬಸ್ಸಿನ ಖರ್ಚ ಇಲ್ಲ, ಅರ್ಧ ದಿನನೂ ಬ್ಯಾಡ" ಅಂದ. ಹಿಂದಿನ ಸೀಟಿನ ಹುಡುಗರು ನಕ್ಕರು. ನಕ್ಕವರಲ್ಲಿ ಊರ ಮೇಲಿನೋಣಿಯವರೂ ಇದ್ದರು, ನಮ್ಮವರೂ ಇದ್ದರು. ಒಬ್ಬಾಕೆ ಮಾತ್ರ ನಗದೆ, "ನಾನೂ ಬರ್ತೀನ್ರೀ ಸರ" ಅಂದಳು. ಅವಳ ಮನೆ ಗುಡಿಯ ಎದುರಿಗೇ ಇದೆ.

ಮುಂದಿನ ಸಾಲಿನ ಶೈಕ್ಷಣಿಕ ಪ್ರವಾಸದ ಪಟ್ಟಿಯನ್ನು ಮಾರ್ಚ್ ಒಳಗೆ ಬರೆದು ಕೊಡಬೇಕು. ಸ್ಥಳ ಎಂಬ ಕಾಲಮ್ಮಿನಲ್ಲಿ ಪೆನ್ನಿಟ್ಟು ಎರಡು ಸಲ ತೆಗೆದಿದ್ದೇನೆ. ನಿನ್ನೆ ಸಂಜೆ ಆ ಹುಡುಗಿಯ ಅಪ್ಪ ಸಾಲಿಯ ಹತ್ತಿರ ಬಂದು, "ಏನ್ರೀ ಮಾಸ್ತರ್ರ, ನಮ್ಮ ಹುಡುಗಿ ಏನೋ ಅಂತೈತಲ್ರೀ, ಹೌದೇನ್ರೀ?" ಅಂತ ಕೇಳಿದ. ಹೌದು ಅಂದೆ.