ಇನ್ನೊಂದು ಕೋಣೆಯೋ, ಒಂದು ಪ್ರಯಾಣವೋ?

‘ಮನೆ ಕಟ್ಟಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತೂ ಇದೆ. ಕೈಯಲ್ಲಿರುವ ಹಣ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಯಾವುದನ್ನು ಆರಿಸಬೇಕು?

ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ, ಹಾವೇರಿ ಜಿಲ್ಲೆಯ ಗಳಗನಾಥವಿದೆ. ಈ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದರು. ಕೋಶವೇ ದೇಶ ಸುತ್ತಿತು; ಕನ್ನಡಕ್ಕೆ ಓದುಗರು ಸಿಕ್ಕರು.

ಹಾಗೆಂದು ಪ್ರಯಾಣವೇ ಸದಾ ಮೇಲು ಎನ್ನಲಾಗದು. ಹಜ್ಜ್‌ನಂಥ ಪವಿತ್ರ ಯಾತ್ರೆಯೂ ಕಡ್ಡಾಯವಾಗುವುದು ಮನೆಮಂದಿಯ ಖರ್ಚಿಗೆ ತೆಗೆದಿಟ್ಟ ಮೇಲೂ ದಾರಿಖರ್ಚಿಗೆ ಉಳಿದಿರುವವರಿಗೆ ಮಾತ್ರ. ನಮ್ಮ ಪ್ರಶ್ನೆಗೂ ಇದೇ ಅಳತೆಗೋಲು. ಮುಪ್ಪಿನ ತಾಯಿಗೆ ಮಲಗಲು, ಮಗಳಿಗೆ ಓದಲು ಜಾಗವಿಲ್ಲದಿದ್ದರೆ ಕೋಣೆಯೇ ಮೊದಲು, ಪ್ರಯಾಣ ಕಾಯಲಿ. ಸಾಕಷ್ಟು ಮನೆಯಿದ್ದೂ ನೆರೆಯವರ ಕಣ್ಣಿಗಾಗಿ ಮಹಡಿ ಏರಿಸುವುದಾದರೆ, ಅದೇ ಹಣದಲ್ಲಿ ಮಕ್ಕಳಿಗೆ ನಾಲ್ಕು ಊರು ತೋರಿಸುವುದು ಮೇಲು. ಭೂಮಿಯಲ್ಲಿ ಸಂಚರಿಸಿ ಹಿಂದಿನವರಿಂದ ಪಾಠ ಕಲಿಯುವಂತೆ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ.

ಆದರೆ ಬರೀ ಫೋಟೊಗಾಗಿ ಮಾಡುವ ಪ್ರವಾಸವೂ ತೋರಿಕೆಯ ಮಹಡಿಯೇ. ಪರವೂರಿನಲ್ಲಿ ಉಂಡು ಬಂದವರು ತಮ್ಮ ಚಿಕ್ಕ ಮನೆಯ ಬಾಗಿಲನ್ನು ಪರವೂರಿನವರಿಗೂ ತೆರೆದಾಗ ಆ ಖರ್ಚು ಸಾರ್ಥಕ.