ಕೊಟ್ಟಿಗೆಯ ಜೀಪು ಮತ್ತು ಬೆಲೆ ಹೇಳುವ ನಾಲಿಗೆ



ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಜೊಯಿಡಾ ತಾಲೂಕಿನ ಒಂದು ಹಳ್ಳಿ. ಮನೆಯ ಯಜಮಾನರು ತೀರಿಕೊಂಡು ವರ್ಷವಾಗಿದೆ. ಹಿತ್ತಲ ಕೊಟ್ಟಿಗೆಯಲ್ಲಿ, ಕಟ್ಟಿಗೆಯ ರಾಶಿ ಮತ್ತು ಒಡೆದ ಹಂಚುಗಳ ಹಿಂದೆ, ಒಂದು ಜೀಪು ನಿಂತಿದೆ. ಮೂವತ್ತು ವರ್ಷಗಳಿಂದ ಅದು ಕದಲಿಲ್ಲ. ಟೈರುಗಳು ನೆಲಕ್ಕಂಟಿವೆ, ಸೀಟಿನ ನಾರನ್ನು ಇಲಿಗಳು ಎಳೆದು ಹಾಕಿವೆ. ಗುಜರಿಯವನೊಬ್ಬ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ. ಆ ಮನೆಯ ತಾಯಿ ನಿಮ್ಮನ್ನು ಕರೆಸಿ ಕೇಳುತ್ತಾರೆ: "ಭಾಯಿ, ನೀವು ಗಾಡಿಗಳ ವಿಷಯ ಬಲ್ಲವರು. ಇದಕ್ಕೆ ಎಷ್ಟು ಬಂದೀತು?"

ನೀವು ಧೂಳೊರೆಸಿ ಮುಂಭಾಗದ ಗ್ರಿಲ್ಲಿನ ಸೀಳುಗಳನ್ನು ಎಣಿಸುತ್ತೀರಿ. ಒಂಬತ್ತಿವೆ. ನಿಮ್ಮ ಎದೆ ಒಮ್ಮೆ ಜೋರಾಗಿ ಬಡಿದುಕೊಳ್ಳುತ್ತದೆ. ಅದು ಎರಡನೇ ಮಹಾಯುದ್ಧದ ಕಾಲದ ಜೀಪಾಗಿರಬಹುದೆಂದು ನಿಮಗೆ ಗೊತ್ತು, ಆ ತಾಯಿಗೆ ಗೊತ್ತಿಲ್ಲ. ನಿಮ್ಮ ಕಿಸೆಯಲ್ಲಿ ಗುಜರಿಯವನು ಹೇಳಿದ್ದಕ್ಕಿಂತ ಎರಡು ಸಾವಿರ ಹೆಚ್ಚು ಹಣವೂ ಇದೆ.

ಈಗ ನೀವು ಏನು ಹೇಳುತ್ತೀರಿ?

ಇದು ಕೇವಲ ಒಂದು ಗಾಡಿಯ ಪ್ರಶ್ನೆಯೆಂದು ತಳ್ಳಿಹಾಕಬೇಡಿ. ಒಡವೆ, ಜಮೀನು, ಹಳೆಯ ತೇಗದ ಬಾಗಿಲು, ಎಲ್ಲದರಲ್ಲೂ ಇದೇ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ಬಲ್ಲವನು ಮತ್ತು ಅರಿಯದವನು ಎದುರುಬದುರಾದಾಗ, ಬೆಲೆ ಹೇಳುವ ನಾಲಿಗೆಯ ಮೇಲೆ ಯಾವ ಹೊಣೆಯಿದೆ?

ಬೆಲೆ ಎಲ್ಲಿದೆ?

ಮೊದಲು ಬೆಲೆ ಕಟ್ಟುವ ಬಗೆಯನ್ನೇ ನೋಡೋಣ. ವಿಷಯ ತಿಳಿಯದೆ ನ್ಯಾಯ ಹೇಳಲಾಗದು.

ನಮ್ಮ ಕಾಳಿ ಕಣಿವೆಯ ಕಾಡು ರಸ್ತೆಗಳಿಗೆ ಜೀಪು ಹೊಸತಲ್ಲ. ಮರದ ವ್ಯಾಪಾರಕ್ಕೆ, ಗಣಿಯ ಕೆಲಸಕ್ಕೆ, ಮಳೆಗಾಲದಲ್ಲಿ ರೋಗಿಗಳನ್ನು ದಾಂಡೇಲಿಗೆ ಸಾಗಿಸಲಿಕ್ಕೆ ಅದೇ ಆಸರೆಯಾಗಿತ್ತು. ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಯುದ್ಧದ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ನಾವೆಲ್ಲ ಕಂಡ ಎತ್ತರದ ಬಾನೆಟ್ಟಿನ ಜೀಪು ಬಂತು.

ಇವೆಲ್ಲ ದೂರದಿಂದ ಒಂದೇ ತೆರನಾಗಿ ಕಂಡರೂ ಬೆಲೆಯಲ್ಲಿ ಒಂದೇ ಅಲ್ಲ. ಯುದ್ಧಕಾಲದ ಜೀಪಿನ ತಗಡಿನ ಗ್ರಿಲ್ಲಿಗೆ ಒಂಬತ್ತು ಸೀಳು, ನಂತರ ನಾಗರಿಕರಿಗೆಂದು ಮಾಡಿದ್ದಕ್ಕೆ ಏಳು. ಮೊದಲಿನದಕ್ಕೆ ಹಿಂದೆ ತೆರೆಯುವ ಬಾಗಿಲಿಲ್ಲ, ಹೆಚ್ಚುವರಿ ಚಕ್ರ ಅಲ್ಲೇ ಹಿಂದೆ ಇರುತ್ತದೆ. ನಂತರದ್ದಕ್ಕೆ ಹಿಂಬಾಗಿಲು ಬಂತು, ಚಕ್ರ ಪಕ್ಕಕ್ಕೆ ಸರಿಯಿತು. ಫೋರ್ಡ್ ಕಂಪನಿಯದಾದರೆ ಅದರ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತಿರುತ್ತದೆ. ಆದರೆ ಒಂದು ಗುರುತನ್ನು ಕಂಡ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ. ಎಷ್ಟೋ ಜೀಪುಗಳಲ್ಲಿ ಒಂದರ ಮೈ, ಇನ್ನೊಂದರ ಇಂಜಿನ್, ಮತ್ತೊಂದರ ಗ್ರಿಲ್ ಸೇರಿಕೊಂಡಿವೆ. ಆದ್ದರಿಂದ ಬಲ್ಲವರು ಮೊದಲು ಚಾಸಿ ನಂಬರು, ಇಂಜಿನ್ ನಂಬರು ಓದಿ, ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಹಳೆಯ ಕಾಗದಗಳಲ್ಲಿ ಆ ರಾಜ್ಯದ ಮುದ್ರೆ ಕಂಡರೆ ಅಚ್ಚರಿಪಡಬೇಕಿಲ್ಲ, ಎಸೆಯಲೂ ಬಾರದು.

ಎರಡನೆಯದು, ತುಕ್ಕು. ಜೊಯಿಡಾದ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲಿನ ಬಣ್ಣ ಚೆನ್ನಾಗಿದ್ದು ಕೆಳಗೆ ಚಾಸಿ ತಿಂದುಹೋಗಿದ್ದರೆ ಆ ಚೆಂದಕ್ಕೆ ಅರ್ಥವಿಲ್ಲ. ಮೂರನೆಯದು, ಏನೇನು ಉಳಿದಿದೆ, ಏನೇನು ಕಳೆದಿದೆ ಎಂಬುದು. ಮೂಲ ಕಾರ್ಬುರೇಟರ್, ಡೈನಮೋ, ಮೀಟರುಗಳು ಕಳಚಿ ಒಂದು ಡಬ್ಬದಲ್ಲಿ ಬಿದ್ದಿದ್ದರೂ ಅವು ಬೆಲೆಯ ಭಾಗವೇ. ನಾಲ್ಕನೆಯದು, ಇಂಥದ್ದೇ ಸ್ಥಿತಿಯ ಗಾಡಿಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿವೆ ಎಂಬುದು. ಯಾರೋ ಹೇಳಿದ ಬೆಲೆ ಬೇರೆ, ಕೈ ಬದಲಾದ ಹಣ ಬೇರೆ. ಹೊಳೆಯುವಂತೆ ದುರಸ್ತಿ ಮಾಡಿದ ಜೀಪಿನ ಬೆಲೆಯನ್ನು ಕೊಟ್ಟಿಗೆಯ ಜೀಪಿಗೆ ಹಚ್ಚುವುದು ತಪ್ಪು. ಟಿಂಕರಿಂಗ್, ಪೇಂಟಿಂಗ್, ಇಂಜಿನ್ ಕೆಲಸ ಎಲ್ಲ ಸೇರಿ, ಖರ್ಚು ಕೊನೆಗೆ ಬರುವ ಬೆಲೆಯನ್ನೂ ಮೀರುವುದುಂಟು.

ಹಾಗೆಂದು ದುರಸ್ತಿಯಾಗದ ಗಾಡಿ ಕೀಳೆಂದೂ ತಿಳಿಯಬೇಡಿ. ಫ್ರಾನ್ಸಿನ ಪಶ್ಚಿಮ ಭಾಗದ ಒಂದು ಎಸ್ಟೇಟಿನಲ್ಲಿ 2014ರಲ್ಲಿ ಸುಮಾರು 60 ಹಳೆಯ ಕಾರುಗಳು ಪತ್ತೆಯಾದವು. ರೋಜರ್ ಬಾಯೋಂ ಎಂಬ ಸಾರಿಗೆ ಉದ್ಯಮಿ ಮ್ಯೂಸಿಯಂ ಮಾಡಬೇಕೆಂದು ಅವನ್ನು ಕೂಡಿಸಿದ್ದರು. ವ್ಯವಹಾರ ಕುಸಿಯಿತು, ಕಾರುಗಳು ಶೆಡ್ಡುಗಳಲ್ಲೇ ಉಳಿದವು. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಅವು ಹರಾಜಾದಾಗ, ಹಳೆಯ ಪತ್ರಿಕೆಗಳ ರಾಶಿಯಡಿ ಮುಚ್ಚಿಹೋಗಿದ್ದ ಒಂದು ಫೆರಾರಿ ಕಾರು 1 ಕೋಟಿ 60 ಲಕ್ಷ ಯೂರೋಗೂ ಹೆಚ್ಚು ಬೆಲೆಗೆ ಹೋಯಿತು. ಅದನ್ನು ಯಾರೂ ತೊಳೆದು, ಬಣ್ಣ ಬಳಿದು ತಂದಿರಲಿಲ್ಲ. ಕೈಯಾಡಿಸದ ವಸ್ತು ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುತ್ತದೆ. ಒಮ್ಮೆ ಬಣ್ಣ ಬಳಿದರೆ ಆ ಸಾಕ್ಷಿ ಅಳಿಯುತ್ತದೆ. ಅದಕ್ಕಾಗಿಯೇ ಇಂಥ ಗಾಡಿ ಸಿಕ್ಕಾಗ ಮೊದಲು ಮಾಡಬೇಕಾದ ಕೆಲಸ, ಏನೂ ಮಾಡದಿರುವುದು. ಅವಸರದಿಂದ ಇಂಜಿನ್ ತಿರುಗಿಸಬೇಡಿ, ತೊಳೆಯಬೇಡಿ, ಬಿಚ್ಚಬೇಡಿ. ಫೋಟೋ ತೆಗೆದಿಡಿ, ನಂಬರುಗಳನ್ನು ಬರೆದಿಡಿ, ಕಾಗದಗಳನ್ನು ಹುಡುಕಿ.

ನಮ್ಮ ದೇಶದ ಕಾನೂನೂ ಈ ಮಾತನ್ನು ಒಪ್ಪಿದೆ. 2021ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಬಲ್ಲವನ ಲಾಭ ಹಲಾಲ್ ಅಲ್ಲವೇ?

ಈಗ ಆ ತಾಯಿಯ ಮುಂದೆ ನಿಂತ ನಿಮ್ಮ ಮನಸ್ಸು ಹೀಗೆ ವಾದಿಸಬಹುದು: "ನಾನು ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿಕೊಂಡು ಕಲಿತ ವಿದ್ಯೆ ಇದು. ನಾನು ಸುಳ್ಳು ಹೇಳುತ್ತಿಲ್ಲ. ಗುಜರಿಯವನಿಗಿಂತ ಹೆಚ್ಚೇ ಕೊಡುತ್ತಿದ್ದೇನೆ. ಅವರೂ ಒಪ್ಪುತ್ತಾರೆ. ಪರಸ್ಪರ ಒಪ್ಪಿಗೆಯ ವ್ಯಾಪಾರದಲ್ಲಿ ತಪ್ಪೇನು?"

ಈ ವಾದವನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ಅರಿವಿಗೆ ಬೆಲೆಯಿದೆ. ಸಂತೆಯಲ್ಲಿ ಒಬ್ಬ ವ್ಯಾಪಾರಿ ತನ್ನ ಸರಕನ್ನು ತಾನೇ ಬೆಲೆ ಹೇಳಿ ಇಟ್ಟಿದ್ದರೆ, ಕೊಳ್ಳುವವನು ಅವನಿಗೆ ಪಾಠ ಹೇಳಿಕೊಡಬೇಕೆಂದು ಯಾರೂ ಹೇಳುವುದಿಲ್ಲ. ಮೋಸವಿಲ್ಲದಿದ್ದರೆ, ಬೆಲೆ ಹೆಚ್ಚು ಕಡಿಮೆಯಾದ ಮಾತ್ರಕ್ಕೆ ವ್ಯಾಪಾರ ರದ್ದಾಗದೆಂಬ ಅಭಿಪ್ರಾಯ ಫಿಕ್ಹ್ ವಿದ್ವಾಂಸರಲ್ಲಿ ಇದೆ.

ಆದರೆ ಬಂಧುಗಳೇ, ಇಲ್ಲಿ ಸಂದರ್ಭ ಬೇರೆ. ಆ ತಾಯಿ ಬೆಲೆ ಹೇಳಲಿಲ್ಲ, ಬೆಲೆ ಕೇಳಿದರು. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡು, ನಿಮ್ಮನ್ನು ನಂಬಿ ಕೇಳಿದರು. ಹೀಗೆ ದರ ತಿಳಿಯದೆ ಎದುರಿನವನ ಮಾತಿಗೇ ತನ್ನನ್ನು ಒಪ್ಪಿಸಿಕೊಂಡವನನ್ನು ನಮ್ಮ ವಿದ್ವಾಂಸರು 'ಮುಸ್ತರ್ಸಿಲ್' ಎಂದು ಕರೆದು, ಅವನಿಗೆ ವಿಪರೀತ ನಷ್ಟವಾದರೆ ವ್ಯಾಪಾರವನ್ನು ಮುರಿಯುವ ಹಕ್ಕಿದೆಯೇ ಎಂದು ವಿಶೇಷವಾಗಿ ಚರ್ಚಿಸಿದ್ದಾರೆ. ಹಂಬಲೀ ವಿದ್ವಾಂಸರು ಹಕ್ಕಿದೆಯೆಂದೇ ಹೇಳಿದ್ದಾರೆ. ಹಳ್ಳಿಯಿಂದ ಸರಕು ಹೊತ್ತು ಬರುವವರನ್ನು ಪೇಟೆಯ ದರ ತಿಳಿಯುವ ಮೊದಲೇ ದಾರಿಯಲ್ಲಿ ತಡೆದು ಕೊಳ್ಳುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದು ನಿಮಗೆ ತಿಳಿದಿದೆ. ಕಾರಣ ಸರಳ. ಅಲ್ಲಿ ಸುಳ್ಳಿಲ್ಲದಿರಬಹುದು, ಆದರೆ ಎದುರಿನವನ ಅಜ್ಞಾನವೇ ಬಂಡವಾಳವಾಗುತ್ತದೆ. ಜೊಯಿಡಾದ ಕೊಟ್ಟಿಗೆ ಪೇಟೆಯಿಂದ ಅಷ್ಟೇ ದೂರ.

ಪವಿತ್ರ ಕುರ್‌ಆನ್ ಪ್ರವಾದಿ ಶುಐಬ್(ಅ)ರ ಉಪದೇಶವನ್ನು ತಿಳಿಸುವಲ್ಲಿ, ಅಳತೆ ಮತ್ತು ತೂಕದ ಮಾತಿನ ಜೊತೆಗೇ, ಜನರಿಗೆ ಅವರ ವಸ್ತುಗಳಲ್ಲಿ ಕಡಿಮೆ ಮಾಡಬಾರದೆಂಬ ಎಚ್ಚರಿಕೆಯನ್ನೂ ಸೇರಿಸಿದೆ. ತಕ್ಕಡಿ ಸರಿಯಿದ್ದರೂ ವಸ್ತುವನ್ನು ಹೀನಾಯವಾಗಿ ಕಂಡು ಅದರ ಬೆಲೆ ಇಳಿಸಬಹುದಲ್ಲ! "ಅಯ್ಯೋ, ಇದು ಬರೀ ತುಕ್ಕು, ಸಾಗಿಸುವ ಖರ್ಚೂ ಹುಟ್ಟದು" ಎಂಬ ಒಂದು ಮಾತು ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣಿಗಿಂತ ಹೆಚ್ಚು ಕದಿಯಬಲ್ಲದು.

ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ)ರ ಪ್ರಸಂಗವನ್ನು ಇಮಾಮ್ ನವವಿ(ರ) ಸಹೀಹ್ ಮುಸ್ಲಿಮ್‌ನ ವ್ಯಾಖ್ಯಾನದಲ್ಲಿ ಹೇಳಿದ್ದಾರೆ. ಅವರ ಸೇವಕ ಒಂದು ಕುದುರೆಯನ್ನು 300 ದಿರ್‌ಹಮ್‌ಗಳಿಗೆ ಗೊತ್ತುಮಾಡಿ, ಹಣ ಕೊಡಿಸಲು ಮಾಲಿಕನನ್ನೂ ಕರೆತಂದ. ಜರೀರ್(ರ) ಕುದುರೆಯನ್ನು ನೋಡಿದರು. ಇದು 300ಕ್ಕಿಂತ ಹೆಚ್ಚು ಬಾಳುತ್ತದೆಂದು ಮಾಲಿಕನಿಗೆ ಹೇಳಿ, ತಾವೇ ಬೆಲೆ ಏರಿಸುತ್ತಾ ಹೋಗಿ, ಕೊನೆಗೆ 800 ದಿರ್‌ಹಮ್ ಕೊಟ್ಟರು. ಕಾರಣ ಕೇಳಿದಾಗ, ಪ್ರತಿಯೊಬ್ಬ ಮುಸ್ಲಿಮನಿಗೆ ಹಿತ ಬಯಸುವೆನೆಂದು ತಾವು ಪ್ರವಾದಿ(ಸ)ರಿಗೆ ಕೊಟ್ಟ ಮಾತನ್ನು ನೆನಪಿಸಿದರು. ಮಾರುವವನು ಒಪ್ಪಿದ್ದ. ವ್ಯಾಪಾರ ಮುಗಿದಂತೆಯೇ ಇತ್ತು. ಆದರೂ ಆ ಒಪ್ಪಿಗೆ ಅರಿವಿಲ್ಲದ ಒಪ್ಪಿಗೆಯೆಂದು ಅವರು ಬಗೆದರು.

ನಾವೆಲ್ಲರೂ ಜರೀರ್(ರ)ರಷ್ಟು ಎತ್ತರಕ್ಕೇರಲಾರೆವು. ಆದರೆ ಒಂದು ಕೆಳಗಿನ ಮೆಟ್ಟಿಲಿದೆ, ಅದು ಎಲ್ಲರಿಗೂ ಸಾಧ್ಯ. ಬೆಲೆ ಹೇಳುವವನು ಗುಟ್ಟಾಗಿ ಕೊಳ್ಳುವವನಾಗಬಾರದು. ನೀವು ಬೆಲೆ ಹೇಳಲು ಕರೆಸಿಕೊಂಡವರಾದರೆ ಕಂಡದ್ದನ್ನೆಲ್ಲ ಹೇಳಿ, ನಿಮ್ಮ ದುಡಿಮೆಗೆ ಕೂಲಿ ಕೇಳಿ ಪಡೆಯಿರಿ. ಅದು ಶುದ್ಧ ಸಂಪಾದನೆ. ನಿಮಗೇ ಕೊಳ್ಳುವ ಆಸೆಯಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ: "ಅಮ್ಮಿ, ಇದನ್ನು ಕೊಳ್ಳುವ ಆಸೆ ನನಗಿದೆ. ಆದ್ದರಿಂದ ನನ್ನ ಮಾತೊಂದನ್ನೇ ನಂಬಬೇಡಿ, ಇನ್ನಿಬ್ಬರನ್ನು ಕೇಳಿ." ಈ ಎರಡು ವಾಕ್ಯಗಳಿಂದ ನಿಮಗೆ ಲಾಭ ಕಡಿಮೆಯಾಗಬಹುದು. ಆದರೆ ಉಳಿದ ಲಾಭದಲ್ಲಿ ಬರಕತ್ ಇರುತ್ತದೆ.

ಮನೆಯೊಳಗಿನ ಗುಜರಿ ಬೆಲೆ

ಹೊರಗಿನವರ ಮಾತಾಯಿತು. ಇನ್ನು ನಮ್ಮ ಮನೆಯೊಳಗೆ ನೋಡಿಕೊಳ್ಳೋಣ.

ಆ ಜೀಪು ಯಾರದ್ದು? ಕೊಟ್ಟಿಗೆಯ ಬೀಗದ ಕೈ ಯಾರ ಬಳಿಯಿದೆಯೋ ಅವರದ್ದಲ್ಲ. ಯಜಮಾನರು ಕಣ್ಣುಮುಚ್ಚಿದ ಕ್ಷಣವೇ, ಸಾಲ ಮತ್ತು ವಸಿಯ್ಯತ್ ಕಳೆದು, ಅದು ವಾರೀಸುದಾರರೆಲ್ಲರದ್ದಾಯಿತು. ಸೂರಃ ಅನ್ನಿಸಾದಲ್ಲಿ ಪುರುಷರಿಗಿರುವಂತೆ ಸ್ತ್ರೀಯರಿಗೂ ಪಾಲಿದೆಯೆಂದು ಹೇಳುವಾಗ, ಬಿಟ್ಟುಹೋದದ್ದು ಕಡಿಮೆಯಿರಲಿ ಹೆಚ್ಚಿರಲಿ ಎಂದು ಸ್ಪಷ್ಟಪಡಿಸಲಾಗಿದೆ. ತುಕ್ಕು ಹಿಡಿದದ್ದು ಇದಕ್ಕೆ ಹೊರತಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮನೆಯಲ್ಲಿ ತಾಯಿ, ಒಬ್ಬ ಮಗ, ಮದುವೆಯಾಗಿ ಹಳಿಯಾಳಕ್ಕೂ ಮುಂಡಗೋಡಕ್ಕೂ ಹೋದ ಇಬ್ಬರು ಹೆಣ್ಣುಮಕ್ಕಳು. ಮಗ ಜೀಪನ್ನು ತಾನಿಟ್ಟುಕೊಂಡು, ಗುಜರಿ ಲೆಕ್ಕದಲ್ಲಿ 32,000 ರೂಪಾಯಿ ಬೆಲೆ ಕಟ್ಟುತ್ತಾನೆ. ತಾಯಿಗೆ ಎಂಟನೇ ಒಂದು ಪಾಲು 4,000, ಅಕ್ಕತಂಗಿಯರಿಗೆ ತಲಾ 7,000 ಕೊಡುತ್ತಾನೆ. ಪಾಲಿನ ಗಣಿತ ಅಚ್ಚುಕಟ್ಟಾಗಿದೆ, ಒಂದು ರೂಪಾಯಿಯೂ ತಪ್ಪಿಲ್ಲ. ಆದರೆ ಆ ಜೀಪಿಗೆ 3,20,000 ಬರುವುದೆಂದು ಅವನಿಗೆ ಗೊತ್ತಿದ್ದರೆ? ಆಗ ತಾಯಿಗೆ 40,000, ಸಹೋದರಿಯರಿಗೆ ತಲಾ 70,000 ಸಲ್ಲಬೇಕಿತ್ತು. 1,80,000 ಕೊಡಬೇಕಾದವನು 18,000ಕ್ಕೆ ಮುಗಿಸಿದ. ಶರೀಅತ್ತಿನ ಪಾಲನ್ನು ಪಾಲಿಸಿದೆನೆಂಬ ನೆಮ್ಮದಿಯಲ್ಲೇ ಅವನು ಅಕ್ಕತಂಗಿಯರ ಹಕ್ಕನ್ನು ತಿಂದ. ಕಳ್ಳತನವಾದದ್ದು ಪಾಲು ಹಂಚುವಾಗಲ್ಲ, ಬೆಲೆ ಹೇಳುವಾಗ.

"ಆಪಾ ಏನೂ ಕೇಳಲಿಲ್ಲವಲ್ಲ" ಎನ್ನುತ್ತೀರಾ? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಎಷ್ಟು ಸಹೋದರಿಯರು ಸುಮ್ಮನಿದ್ದಾರೆಂದು ನಿಮಗೂ ಗೊತ್ತು. ಸರಿಯಾದ ಬೆಲೆ ತಿಳಿದ ಮೇಲೆ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವರ ಉಡುಗೊರೆ. ತಿಳಿಸದೆ ಪಡೆದರೆ ಅದು ಉಡುಗೊರೆಯಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಪ್ಯಾರಿಸ್ಸಿನ ಸುದ್ದಿ ಕೇಳಿ, ಚಾಸಿ ಕರಗಿದ ಗಾಡಿಗೆ ಲಕ್ಷಗಟ್ಟಲೆ ಕೇಳುತ್ತಾ ಕೂರುವುದೂ ನ್ಯಾಯವಲ್ಲ. ಬೆಲೆ ಏರಿಸಲು ಸುಳ್ಳು ಗಿರಾಕಿಯನ್ನು ನಿಲ್ಲಿಸುವುದು, ಬೇರೆ ಇಂಜಿನ್ ಕೂರಿಸಿದ್ದನ್ನು ಮುಚ್ಚಿಟ್ಟು ಎಲ್ಲವೂ ಮೂಲದ್ದೆಂದು ಹೇಳುವುದು, ಚಾಸಿಯ ತೂತುಗಳ ಮೇಲೆ ಬಣ್ಣ ಬಳಿಯುವುದು, ಇವೂ ವಂಚನೆಯೇ. ಒದ್ದೆಯಾದ ಧಾನ್ಯವನ್ನು ರಾಶಿಯ ಒಳಗಿಟ್ಟವನನ್ನು ಪ್ರವಾದಿ(ಸ)ರು ಎಚ್ಚರಿಸಿದ್ದನ್ನು ನೆನಪಿಡಿ. ತುಕ್ಕನ್ನು ಮೇಲೆ ತೋರಿಸಿ ಮಾರುವವನಿಗೆ ಕಡಿಮೆ ಬೆಲೆ ಸಿಗಬಹುದು, ಆದರೆ ತಲೆ ತಗ್ಗಿಸಬೇಕಾದ ದಿನ ಬರುವುದಿಲ್ಲ.

ನಮ್ಮ ತಾಲೂಕಿನ ಹಿರಿಯರಿಗೆ ಬೆಲೆ ಕಟ್ಟುವುದೆಂದರೆ ಏನೆಂದು ಚೆನ್ನಾಗಿ ಗೊತ್ತು. ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ ಸೂಪಾ ಅಣೆಕಟ್ಟಿನಿಂದ ಹಳೆಯ ಸೂಪಾ ಊರು ನೀರಿನಡಿ ಸೇರಿತು, ತಾಲೂಕಿನ ಕೇಂದ್ರ ಜೊಯಿಡಾಕ್ಕೆ ಬಂತು. ಮನೆ, ಗದ್ದೆ, ಮರಗಳಿಗೆಲ್ಲ ಆಗ ಬೆಲೆ ಕಟ್ಟಲಾಯಿತು. ಬೇರೆಯವರು ಬಂದು ನಮ್ಮ ವಸ್ತುವಿಗೆ ಬೆಲೆ ಹೇಳುವಾಗ ಎದೆಯೊಳಗೆ ಹೇಗಾಗುತ್ತದೆಂದು ಬಲ್ಲವರು, ಇನ್ನೊಬ್ಬರ ಕೊಟ್ಟಿಗೆಗೆ ಕಾಲಿಡುವಾಗ ಅದನ್ನು ಮರೆಯಬಾರದು.

ಆದ್ದರಿಂದ ಓದುಗರೇ, ನಾಳೆ ಯಾರಾದರೂ ನಿಮ್ಮನ್ನು ಕರೆದು "ಇದಕ್ಕೆ ಎಷ್ಟು ಬಂದೀತು?" ಎಂದು ಕೇಳಿದರೆ, ಆ ಪ್ರಶ್ನೆಯನ್ನು ಅಮಾನತ್ತೆಂದು ತಿಳಿಯಿರಿ. ನಿಮ್ಮ ಉತ್ತರ ಒಂದು ಸಾಕ್ಷ್ಯ. ತೀರಿಕೊಂಡ ಯಜಮಾನರು ಅದನ್ನು ಕೇಳಿಸಿಕೊಳ್ಳಲಾರರು, ಆ ತಾಯಿಗೆ ಅದನ್ನು ಅಳೆಯುವ ದಾರಿಯಿಲ್ಲ, ದೂರದ ಹೆಣ್ಣುಮಕ್ಕಳಿಗೆ ಅದು ತಲುಪದೆಯೂ ಇರಬಹುದು. ಆದರೆ ಎಲ್ಲವನ್ನೂ ಆಲಿಸುವವನೊಬ್ಬನಿದ್ದಾನೆ.

ಸರಿಯಾಗಿ ಅಳೆಯುವ ಕಣ್ಣನ್ನೂ, ಅಳೆದದ್ದನ್ನು ಮುಚ್ಚಿಡದೆ ಹೇಳುವ ನಾಲಿಗೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.